'ಇನ್ನೊಂದು ವರ್ಷ ತಡಕೋ' ಎನ್ನುವವರಿಗೆ

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ತವರಿಗೆ ಬಂದು ಕೂತ ಹೆಣ್ಣುಮಗಳು ಕೋರ್ಟಿಗೆ ಹೋಗುತ್ತೇನೆ ಎಂದರೆ ಹಿರಿಯರು ಹೇಳುವುದು ಒಂದೇ: 'ಈಗ ಬ್ಯಾಡ ಕಣವ್ವ, ಇನ್ನೊಂದು ವರ್ಷ ತಡಕೋ.' ತಂಗಿಯ ಮದುವೆಯಾಗಲಿ, ಮಗನ ಎಸ್ಸೆಸ್ಸೆಲ್ಸಿ ಮುಗಿಯಲಿ, ಮಾವನ ವರ್ಷದ ತಿಥಿ ಕಳೆಯಲಿ. ಕಾಯುವುದೇ ಧರ್ಮ ಎಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಆತುರಕ್ಕೆ ಕಾನೂನೇ ಎಡೆ ಕೊಟ್ಟಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಂತೆ, ಅಸಾಧಾರಣ ಕಷ್ಟವಿದ್ದ ಹೊರತು, ಮದುವೆಯಾಗಿ ವರ್ಷ ತುಂಬದೆ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಇಬ್ಬರೂ ಒಪ್ಪಿದ್ದರೂ ವರ್ಷ ಬೇರೆ ಬದುಕಿರಬೇಕು, ಅರ್ಜಿಯ ಮೇಲೆ ಮತ್ತೆ ಆರು ತಿಂಗಳು. (ಈ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು.) ಇದರ ಮೇಲೆ ಊರಿನವರದೂ ಒಂದು ವಾಯಿದೆ ಏಕೆ?

ಆ ವಾಯಿದೆಯ ಬೆಲೆ ತೆರುವವಳು ಅವಳೇ. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದಕ್ಕೆ ಮೊದಲಿನ ತಿಂಗಳುಗಳು ಹೋದವು ಹೋದವೇ. ವಿಚ್ಛೇದನ ಬೇಡ ಎನ್ನುವವರು ಬರೀ ಜೀವನಾಂಶದ ಅರ್ಜಿಗೂ ಅಡ್ಡ ಬರುತ್ತಾರೆ, 'ಕೋರ್ಟು ಕೋರ್ಟೇ ತಾನೇ' ಎಂದು. ಅವಳು ಅಣ್ಣನ ಮನೆಯಲ್ಲಿ ಉಣ್ಣುತ್ತ, ಚೆಂಡುಹೂ ಕೀಳಲು ಕೂಲಿಗೆ ಹೋಗುತ್ತ ಎರಡೂ ಮನೆಯ ಮರ್ಯಾದೆ ಕಾಯುತ್ತಿರುವಾಗ, ಅತ್ತ ಗಂಡ ಅರಿಶಿನ ಮಾರಿದ ದುಡ್ಡು ಇನ್ಯಾರದೋ ಖಾತೆ ಸೇರಿರುತ್ತದೆ. ಜಮೀನು ಅವನ ತಮ್ಮನ ಹೆಸರಿಗೆ ದಾನಪತ್ರವಾಗಿರುತ್ತದೆ. ಹೊತ್ತು ನೋಡಿ ಮಾಡುವ ಅನ್ಯಾಯವೆಂದರೆ ಇದು. ಹೆಂಡತಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ನೋಟಿಸು ಕಳಿಸುವುದು, ಅವಳಿಲ್ಲದ ವಿಳಾಸಕ್ಕೆ ಕಳಿಸಿ ಏಕಪಕ್ಷೀಯ ಡಿಕ್ರಿ ಪಡೆಯುವುದೂ ಇದೇ ಜಾತಿಯದು. ಇವನ್ನು ಕಂಡೂ ಸುಮ್ಮನಿರುವ ಹಿರಿಯರಿಗೆ ಅವಳೊಬ್ಬಳ ಹೊತ್ತು ಮಾತ್ರ ಕಾಣುವುದು ನನಗೆ ಸಂಕಟದ ಸಂಗತಿ.

ಮಗುವಿನ ಪರೀಕ್ಷೆಯ ಮಾತು ಬೇರೆ. ಮಾರ್ಚಿನ ಅರ್ಜಿ ಏಪ್ರಿಲಿಗೆ ಹೋದರೆ ದೊಡ್ಡ ನಷ್ಟವಿಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವಳು ಆ ಮಗುವಿನ ಪಕ್ಕದಲ್ಲಿ ಮಲಗುವ ತಾಯಿ.

ಹೊತ್ತಿನ ಕಟ್ಟಳೆ ಸಡಿಲಿಸಲು ಈ ಸೀಮೆಗೆ ಬಾರದೇ ಇಲ್ಲ. ಆಷಾಢದಲ್ಲಿ ಹೊಸ ಜೋಡಿ ದೂರವಿರಬೇಕು ಎನ್ನುವ ನಾಡಿನಲ್ಲೇ ಚಾಮರಾಜನಗರದ ಚಾಮರಾಜೇಶ್ವರನ ತೇರು ಆಷಾಢದಲ್ಲಿ ಹರಿಯುತ್ತದೆ. ನವದಂಪತಿಗಳು ಜೊತೆಯಾಗಿ ಬಂದು ತೇರಿಗೆ ಹಣ್ಣು-ಜವನ ಎಸೆಯುತ್ತಾರೆ, ಯಾರೂ ತಪ್ಪೆನ್ನುವುದಿಲ್ಲ. ಸಂತೋಷಕ್ಕೆ ಸಿಕ್ಕ ಆ ರಿಯಾಯಿತಿ ದುಃಖಕ್ಕೂ ಸಿಗಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ಬುದ್ಧಿ ಹೇಳುವ ಹಿರಿಯರು ಆ ಪ್ರಾಧಿಕಾರದ ಕಚೇರಿಯ ತನಕ ಅವಳ ಜೊತೆ ಹೋಗಬಹುದು.