ಯೋಧರ ಓಲೆಗಳು ಮತ್ತು ಬೀಸುವ ಪದಗಳು: ಬೀದರ ಪ್ರದೇಶದ ನೆಲೆಯಿಂದ ಒಂದು ಓದು

ಪತ್ರವನ್ನು ಬರೆಹ ಸಂಸ್ಕೃತಿಯ ಸೃಷ್ಟಿಯೆಂದು ಪರಿಗಣಿಸುವುದು ವಾಡಿಕೆ. ಬರೆಯುವವನೊಬ್ಬ, ಓದುವವನೊಬ್ಬ, ನಡುವೆ ಮೂರನೆಯವರಿಗೆ ಪ್ರವೇಶವಿಲ್ಲ ಎಂಬುದು ಈ ತಿಳುವಳಿಕೆಯ ತಳಹದಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ರಣರಂಗದಿಂದ ಭಾರತೀಯ ಸಿಪಾಯಿಗಳು ಊರಿಗೆ ಕಳುಹಿಸಿದ ಓಲೆಗಳು ಈ ತಿಳುವಳಿಕೆಯನ್ನೇ ಅಲುಗಿಸುತ್ತವೆ. ಅಕ್ಷರ ಬಾರದ ಸಿಪಾಯಿ ಬಲ್ಲವನ ಮುಂದೆ ಕುಳಿತು ಹೇಳಿ ಬರೆಸುತ್ತಿದ್ದ. ಊರಿನಲ್ಲಿ ಅದನ್ನು ಯಾರೋ ಗಟ್ಟಿಯಾಗಿ ಓದಿ ಮನೆಮಂದಿಗೆ ಕೇಳಿಸುತ್ತಿದ್ದರು. ಬಾಯಿಂದ ಹೊರಟು ಕಿವಿಗೆ ಸೇರುವ ಮಾತು ನಡುದಾರಿಯಲ್ಲಿ ಮಾತ್ರ ಕಾಗದವಾಗುತ್ತಿತ್ತು. ಈ ದೃಷ್ಟಿಯಿಂದ ಇವು ಮೌಖಿಕ ಪರಂಪರೆಗೆ ಸೇರುವ ಪಠ್ಯಗಳು.

1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತೀಯ ಪಡೆಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಅವರ ಅಂಚೆಯನ್ನು ಪರಿಶೀಲಿಸಲು ಫ್ರಾನ್ಸಿನಲ್ಲಿ ಸೆನ್ಸಾರ್ ಕಚೇರಿಯೊಂದು ಏರ್ಪಟ್ಟಿತು. ಇಂಡಿಯನ್ ಸಿವಿಲ್ ಸರ್ವಿಸಿಗೆ ಸೇರಿದ ಇ. ಬಿ. ಹೋವೆಲ್ ಅದರ ಮುಖ್ಯಸ್ಥ. ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಮೇಲಧಿಕಾರಿಗಳಿಗೆ ವರದಿ ಕಳುಹಿಸುವುದು ಕಚೇರಿಯ ಕೆಲಸವಾಗಿತ್ತು. ಈ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇವುಗಳಿಂದ ಆರುನೂರಕ್ಕೂ ಹೆಚ್ಚು ಪತ್ರಭಾಗಗಳನ್ನು ಆರಿಸಿ ಇತಿಹಾಸಕಾರ ಡೇವಿಡ್ ಓಮಿಸ್ಸಿ ಅವರು 1999ರಲ್ಲಿ 'ಇಂಡಿಯನ್ ವಾಯ್ಸಸ್ ಆಫ್ ದಿ ಗ್ರೇಟ್ ವಾರ್' ಎಂಬ ಸಂಪುಟವನ್ನು ಹೊರತಂದರು. ಯುದ್ಧದ ಇತಿಹಾಸವನ್ನು ಸಾಮಾನ್ಯ ಸಿಪಾಯಿಯ ಕಡೆಯಿಂದ ನೋಡಲು ಇದು ಮಹತ್ವದ ಆಕರ. ಆದರೆ ಸೆನ್ಸಾರನಿಗೆ ಬೇಕಾಗಿದ್ದುದು ಸುದ್ದಿ ಮತ್ತು ಮನಃಸ್ಥಿತಿ. ಹಿರಿಯರಿಗೆ ಸಲ್ಲಿಸುವ ವಂದನೆ, ಕ್ಷೇಮಸಮಾಚಾರದ ಸಿದ್ಧ ನುಡಿಗಟ್ಟು, ಊರವರ ಹೆಸರುಗಳ ಪಟ್ಟಿ ಅವನಿಗೆ ಅನಗತ್ಯ. ಜಾನಪದ ಅಧ್ಯಯನಕ್ಕೆ ಬೇಕಾದುದು ಮಾತ್ರ ಅದೇ. ಉದ್ಧೃತಗಳನ್ನು ಓದುವಾಗ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಪತ್ರಗಳಲ್ಲಿ ಕವಿತೆ ಹೆಚ್ಚುತ್ತಿರುವುದನ್ನು 1915ರ ಆರಂಭದಲ್ಲಿಯೇ ಹೋವೆಲ್ ಗಮನಿಸಿದ್ದ. ಅದನ್ನು ಅವನು ಮನಸ್ಸಿನ ಕಳವಳದ ಅಪಶಕುನವೆಂದು ಅರ್ಥೈಸಿದ. ಈ ಗ್ರಹಿಕೆ ಪೂರ್ತಿ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ. ನೇರವಾಗಿ ಹೇಳಲಾಗದ ದುಃಖವನ್ನು ಪದಕಟ್ಟಿ ಹೇಳುವುದು ಜನಪದರ ಲೋಕದಲ್ಲಿ ರೋಗದ ಲಕ್ಷಣವಲ್ಲ, ದುಃಖವನ್ನು ಹೊರುವ ಕ್ರಮ. ಅತ್ತೆಯ ಮುಂದೆ ಆಡಲಾಗದ ಮಾತನ್ನು ಸೊಸೆ ಬೀಸುವ ಕಲ್ಲಿನ ಮುಂದೆ ಹಾಡುತ್ತಾಳೆ. ಅಧಿಕಾರಿಯ ಮುಂದೆ ಆಡಲಾಗದ ಮಾತನ್ನು ಸಿಪಾಯಿ ಪದ್ಯದಲ್ಲಿಯೋ ಒಗಟಿನಲ್ಲಿಯೋ ಹೇಳುತ್ತಾನೆ. ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪು ಮೆಣಸೆಂದೂ ಸೂಚಿಸಿ, ಎರಡರ ದಾಸ್ತಾನಿನ ಲೆಕ್ಕ ಹೇಳುವ ಪತ್ರಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಒಗಟು ಕಟ್ಟುವವರಿಗೆ ಈ ಜಾಣ್ಮೆಯನ್ನು ಯುದ್ಧ ಕಲಿಸಲಿಲ್ಲ. ಅದು ಅವರೊಡನೆ ಊರಿನಿಂದಲೇ ಬಂದಿತ್ತು.

ಈ ಓದಿಗೆ ಬೀದರ ಪ್ರದೇಶವು ವಿಶೇಷ ನೆಲೆಯೊಂದನ್ನು ಒದಗಿಸುತ್ತದೆ. ಆಗ ಇದು ನಿಜಾಮ ಸಂಸ್ಥಾನದ ಭಾಗ. ಹಿಂದಿನ ಹೈದರಾಬಾದ್ ಕಂಟಿಂಜೆಂಟಿನಿಂದ ರೂಪುಗೊಂಡ 20ನೇ ಡೆಕ್ಕನ್ ಹಾರ್ಸ್ ಪಡೆಯಲ್ಲಿ ಸಿಖ್ಖರು ಮತ್ತು ಜಾಟರೊಡನೆ ದಖನಿ ಮುಸಲ್ಮಾನರೂ ಇದ್ದರು. 1916ರ ಜುಲೈ 14ರಂದು ಸೋಮ್ ಕದನದ ಹೈವುಡ್ಡಿನಲ್ಲಿ ಈ ಪಡೆ ಕುದುರೆಯೇರಿ ದಾಳಿ ನಡೆಸಿತು. ನಿಜಾಮನ ಲ್ಯಾನ್ಸರ್ಸ್ ಪಡೆಯು ಮೈಸೂರು, ಜೋಧಪುರದ ಪಡೆಗಳೊಂದಿಗೆ ಈಜಿಪ್ಟ್‌ ಮತ್ತು ಪ್ಯಾಲೆಸ್ಟೈನಿಗೆ ತೆರಳಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕ ಈ ಮೂರೂ ಸಂಸ್ಥಾನಗಳ ಯೋಧರ ನೆನಪಿಗೆ ನಿಂತಿದೆ.

ಸಂಸ್ಥಾನದ ಆಡಳಿತ ಭಾಷೆ ಉರ್ದು. ಬೀದರ, ಭಾಲ್ಕಿ, ಔರಾದಗಳ ಮನೆಮಾತು ಕನ್ನಡ, ಮರಾಠಿ, ದಖನಿ, ತೆಲುಗು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಭಾಗದಲ್ಲಿ ಮನೆಮಾತಾಗಿರುವ ಸಂಗತಿ. ಆಡುವ ನುಡಿಯೊಂದು, ಬರೆಯುವ ನುಡಿ ಇನ್ನೊಂದು ಆಗಿರುವಲ್ಲಿ ಓಲೆಯನ್ನು ಓದುವುದೆಂದರೆ ಅನುವಾದಿಸುವುದೇ. ಓದಿ ಹೇಳುವವನು ಕೇಳುವವಳ ಮುಖ ನೋಡಿ ಮಾತನ್ನು ಮೃದುಗೊಳಿಸಬಲ್ಲ, ಬಿಡಬಲ್ಲ, ಸೇರಿಸಬಲ್ಲ. ಅಂದರೆ ಸೆನ್ಸಾರ್ ಕಚೇರಿ ದಾಟಿದ ಓಲೆಗೆ ಊರಿನಲ್ಲಿ ಇನ್ನೊಬ್ಬ ಸೆನ್ಸಾರ್ ಕಾದಿರುತ್ತಾನೆ. ಮೊದಲನೆಯವನದು ಅಧಿಕಾರ, ಎರಡನೆಯವನದು ಕರುಣೆ.

ದೂರದ ರಣಭೂಮಿಯ ಸಾವನ್ನು ಅರ್ಥಮಾಡಿಕೊಳ್ಳಲು ಈ ಪ್ರದೇಶಕ್ಕೆ ಮಾದರಿಯೊಂದು ಮೊದಲೇ ಇತ್ತು. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಹಾಡುವ ಕನ್ನಡ ರಿವಾಯತ ಪದಗಳು ಕರ್ಬಲಾದ ಕಥನಗಳು. ಆ ಕಥೆಯೂ ಓಲೆಯಿಂದಲೇ ಆರಂಭ. ಕೂಫಾದವರು ಬರೆದ ಪತ್ರಗಳನ್ನು ನಂಬಿ ಹುಸೇನರು ಹೊರಡುತ್ತಾರೆ. 1914ರಿಂದ 1918ರವರೆಗೆ ಭಾರತೀಯ ಪಡೆಗಳು ಕಾದಿದ ಮೆಸೊಪೊಟೇಮಿಯಾ ಅದೇ ಕರ್ಬಲಾದ ನಾಡು ಎಂಬುದು ಗಮನಾರ್ಹ.

ಹಾಗೆಂದು ಅಗಲಿಕೆಯ ಬೀಸುವ ಪದಗಳನ್ನೆಲ್ಲ ಮಹಾಯುದ್ಧದ ದಾಖಲೆಗಳೆಂದು ಘೋಷಿಸುವುದು ಸಲ್ಲದು. ಅಗಲಿದವನು ದಂಡಿಗೆ ಹೋದವನಿರಬಹುದು, ದುಡಿಮೆಗೆ ಹೋದವನಿರಬಹುದು. ಪದ ಆ ಭೇದವನ್ನು ಬಯಸುವುದಿಲ್ಲ. ಅದಕ್ಕೆ ಬಲವಂತವಾಗಿ ಇಸವಿ ಹಚ್ಚುವುದು ಕವಿತೆಯನ್ನು ಕಾಯಿಲೆಯೆಂದು ಬಗೆದ ಸೆನ್ಸಾರನ ತಪ್ಪಿಗೆ ಸಮಾನವಾದ ತಪ್ಪು. ಪದಗಳು ಯುದ್ಧದ ಸಾಕ್ಷಿಗಳಲ್ಲ. ಓಲೆಗಳನ್ನು ಕೇಳಿಸಿಕೊಂಡ ಕಿವಿಯ ಸಾಕ್ಷಿಗಳು. ಆ ಕಿವಿಯನ್ನು ಅರಿಯದೆ ಓಲೆಯ ಓದು ಪೂರ್ಣಗೊಳ್ಳದು. 1956ರಲ್ಲಿ ಹಳೆಯ ಬೀದರ ಜಿಲ್ಲೆ ಹರಿದು ಮೂರು ರಾಜ್ಯಗಳಿಗೆ ಹಂಚಿಹೋಯಿತು. ಆದ್ದರಿಂದ ಈ ಅಧ್ಯಯನ ಉದಗೀರ, ಜಹೀರಾಬಾದಗಳನ್ನೂ ಒಳಗೊಂಡು, ನಾಲ್ಕೂ ಭಾಷೆಗಳ ಹಾಡು, ಓಲೆಗಳನ್ನು ಒಟ್ಟಿಗೆ ಇರಿಸಿಕೊಂಡು ನಡೆಯಬೇಕಾಗಿದೆ.