ಗೊತ್ತಿಲ್ಲ ಎನ್ನದ ರಾಜ

ಕಳೆದ ಆರು ವರ್ಷಗಳಿಂದ ನಾನು ಹಳೆಯ ‘ಚಂದಮಾಮ’ಗಳನ್ನು ಕೂಡಿಡುತ್ತಿದ್ದೇನೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ, ನೆಂಟರ ಮನೆಯ ಅಟ್ಟದಲ್ಲಿ, ರದ್ದಿಯವರ ತಕ್ಕಡಿಯ ಪಕ್ಕದಲ್ಲಿ ಸಿಕ್ಕಿದ್ದೆಲ್ಲ ಸೇರಿ ಈಗ 62 ಸಂಚಿಕೆಗಳಿವೆ. ನನಗೆ ಬೇಕಿದ್ದುದು ಪ್ರತಿ ಸಂಚಿಕೆಯಲ್ಲೂ ಒಂದೇ ಪುಟ: ಬೇತಾಳ ಕಥೆಯ ಮೊದಲ ಪುಟ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ಕಲಾವಿದ ಶಂಕರ್ ಬರೆದ ಆ ಚಿತ್ರವನ್ನು ಏಳನೇ ವಯಸ್ಸಿನಲ್ಲಿ ನಾನು ಅಂಗೈಯಿಂದ ಮುಚ್ಚಿಕೊಂಡು ಕಥೆ ಕೇಳುತ್ತಿದ್ದೆ.

ಈಗ ನೋಡಿದರೆ ಚಿತ್ರ ಹೆದರಿಸುವುದಿಲ್ಲ. ರಾಜ ಸಂತೆಯಿಂದ ಮೂಟೆ ಹೊತ್ತು ಮನೆಗೆ ಹೊರಟವನ ಹಾಗೆ ನಿರಾಳವಾಗಿ ನಡೆಯುತ್ತಿದ್ದಾನೆ. ಒಂದು ಸಂಚಿಕೆಯಲ್ಲಿ ಯಾವುದೋ ಮಗು ಬೇತಾಳದ ಕಣ್ಣುಗಳನ್ನು ನೀಲಿ ಶಾಯಿಯಲ್ಲಿ ಕಾಗದ ಹರಿಯುವಷ್ಟು ತಿಕ್ಕಿದೆ. ಹೆದರಿದ್ದು ನಾನೊಬ್ಬನೇ ಅಲ್ಲ ಎಂದು ಸಮಾಧಾನವಾಯಿತು. ಆದರೆ ಆ ಭಯ ಇದ್ದದ್ದಾದರೂ ಎಲ್ಲಿ?

ಕಥೆಯೊಳಗಂತೂ ಅಲ್ಲ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಿಂದ ತೆಲುಗು, ತಮಿಳಿನಲ್ಲಿ ಶುರುಮಾಡಿದ ‘ಚಂದಮಾಮ’ 1949ರಲ್ಲಿ ಕನ್ನಡಕ್ಕೆ ಬಂತು. ಅದರ ಬೇತಾಳ ಹೇಳುವ ಕಥೆಗಳಲ್ಲಿ ಇರುವವರು ಹೆಚ್ಚಾಗಿ ರಾಜಕುಮಾರರು, ವರ್ತಕರು, ಗುರುಶಿಷ್ಯರು. ದೆವ್ವ ಇರುವುದು ಕಥೆಯ ಚೌಕಟ್ಟಿನಲ್ಲಿ ಮಾತ್ರ. ಅಲ್ಲೂ ಭಯ ಹುಟ್ಟಿಸುವುದು ಹೆಣವಲ್ಲ, ಅದು ಹಾಕುವ ಷರತ್ತು: ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ, ಬಾಯಿಬಿಟ್ಟರೆ ಹೆಣ ಮತ್ತೆ ಮರಕ್ಕೆ. ಅಕ್ಕ ಗಟ್ಟಿಯಾಗಿ ಓದುತ್ತಾ ಸರಿಯಾಗಿ ಅಲ್ಲಿಗೆ ನಿಲ್ಲಿಸುತ್ತಿದ್ದಳು. “ಈಗ ನೀನು ಹೇಳು.” ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು “ಗೊತ್ತಿಲ್ಲ” ಎನ್ನುತ್ತಿದ್ದೆ. “ಹಾಗಾದರೆ ನಿನ್ನ ತಲೆ ಉಳಿಯಿತು ಬಿಡು” ಎಂದು ನಗುತ್ತಿದ್ದಳು.

ಅವಳ ತರ್ಕ ಸರಿಯಾಗಿಯೇ ಇತ್ತು. ಹನ್ನೊಂದನೇ ಶತಮಾನದಲ್ಲಿ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲೂ ಈ ಬೇತಾಳ ಕಥೆಗಳಿವೆ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಒಂದೊಂದೇ ಒಗಟನ್ನು ಬಿಡಿಸುತ್ತಾ ಬಂದವನು ಕೊನೆಯದರಲ್ಲಿ ಸೋಲುತ್ತಾನೆ. ತಂದೆ ಮಗಳನ್ನೂ ಮಗ ಆಕೆಯ ತಾಯಿಯನ್ನೂ ಮದುವೆಯಾಗುತ್ತಾರೆ. ಇವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಹೊಳೆಯುವುದಿಲ್ಲ. ಸುಮ್ಮನೆ ನಡೆಯುತ್ತಾನೆ. ಆ ಮೌನಕ್ಕೇ ಬೇತಾಳ ಮೆಚ್ಚಿ, ಅವನನ್ನು ಬಲಿ ಕೊಡಲು ಕಾದಿರುವ ಭಿಕ್ಷುವಿನ ಸಂಚನ್ನು ತಿಳಿಸಿ ಪ್ರಾಣ ಉಳಿಸುತ್ತದೆ. ಇಡೀ ಕಥಾಚಕ್ರ ತಿಳಿವಿನಿಂದ ಮುಗಿಯುವುದಿಲ್ಲ, ತಿಳಿಯದು ಎಂಬುದರಿಂದ ಮುಗಿಯುತ್ತದೆ.

ಮಾಸಪತ್ರಿಕೆಗೆ ಆ ಮೌನದ ಸೌಲಭ್ಯವಿರಲಿಲ್ಲ. ರಾಜ ಸುಮ್ಮನಾದರೆ ಮುಂದಿನ ತಿಂಗಳು ಕಥೆಯಿಲ್ಲ. ಹಳೆಯ ಕಥೆಗಳು ಮುಗಿದ ಮೇಲೆ ಹೊಸವನ್ನು ಕಟ್ಟಿ ‘ಚಂದಮಾಮ’ ದಶಕಗಳ ಕಾಲ ಬೇತಾಳವನ್ನು ಮಾತಾಡಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೆ 62 ಸಂಚಿಕೆಗಳನ್ನು ಒಟ್ಟಿಗೆ ಓದಿದಾಗ, ತಿಂಗಳಿಗೊಂದು ಓದಿದಾಗ ಕಾಣದ ಕೊರತೆಯೊಂದು ಕಾಣಿಸಿತು: ಈ ರಾಜ ಒಮ್ಮೆಯೂ ತಡವರಿಸುವುದಿಲ್ಲ. ಪ್ರಶ್ನೆ ಎಷ್ಟೇ ತೊಡಕಿನದಾಗಿರಲಿ, ಒಂದು ಪ್ಯಾರಾದಲ್ಲಿ ತೀರ್ಪು ಸಿದ್ಧ.

ಅಂಥ ತೀರ್ಪನ್ನು ಒಪ್ಪದೇ ಹೋದದ್ದರಿಂದ ಕನ್ನಡಕ್ಕೊಂದು ದೊಡ್ಡ ನಾಟಕ ಸಿಕ್ಕಿತು. ತಲೆಗಳು ಅದಲುಬದಲಾದಾಗ ಗಂಡ ಯಾರು ಎಂದು ಬೇತಾಳ ಕೇಳಿದರೆ, ಗಂಡನ ತಲೆ ಇರುವವನೇ ಎನ್ನುತ್ತಾನೆ ರಾಜ. ಅಂಗಗಳಲ್ಲಿ ತಲೆಯೇ ಶ್ರೇಷ್ಠವಂತೆ. ಥಾಮಸ್ ಮನ್‌ನ ಕಿರುಕಾದಂಬರಿಯ ದಾರಿಯಲ್ಲಿ ಆ ಕಥೆಗೆ ಬಂದ ಗಿರೀಶ ಕಾರ್ನಾಡರು ‘ಹಯವದನ’ದಲ್ಲಿ, ಉತ್ತರ ಸಿಕ್ಕ ಮೇಲೂ ಪದ್ಮಿನಿಯ ಪ್ರಶ್ನೆ ಮುಗಿಯದು ಎಂದು ತೋರಿಸಿದರು. ಬೇತಾಳ ಮರಕ್ಕೆ ಮರಳಿದ ಮೇಲೆ ಆ ನಾಟಕ ಶುರುವಾಗುತ್ತದೆ.

ನಾನು ಸಂಗ್ರಹಿಸಲು ಹೊರಟದ್ದು ಚಿತ್ರವನ್ನು. ನಿಜಕ್ಕೂ ಹುಡುಕುತ್ತಿದ್ದುದು ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಕ್ಕ ನಿಲ್ಲಿಸುತ್ತಿದ್ದ ಆ ಜಾಗವನ್ನು. ಅಚ್ಚಾದ ಪುಟದಲ್ಲಿ ಆ ಜಾಗ ಎರಡು ಸಾಲುಗಳ ನಡುವಿನ ಬಿಳಿಯಷ್ಟೇ.

ಹೋದ ತಿಂಗಳು ಒಂದು ಸಂಚಿಕೆಯನ್ನು ಅಕ್ಕನ ಮನೆಗೆ ಒಯ್ದಿದ್ದೆ. ಅವಳು ಮೊಮ್ಮಗನಿಗೆ ಓದಿ ಹೇಳುತ್ತಾ, ಕೊನೆಯ ಪ್ಯಾರಾ ಬಂದೊಡನೆ ಅದನ್ನು ಅಂಗೈಯಿಂದ ಮುಚ್ಚಿದಳು. ಹುಡುಗ ಬಹಳ ಹೊತ್ತು ಯೋಚಿಸಿ “ಗೊತ್ತಿಲ್ಲ” ಎಂದ. ಅಕ್ಕ ಕೈ ತೆಗೆಯದೆ ಪುಸ್ತಕ ಮಡಚಿಟ್ಟಳು.