ಚಿಕ್ಕ ಪರದೆಗೆ ಬ್ಲೂ-ರೇ ದಂಡವೇ?

2008ರ ಫೆಬ್ರವರಿಯಲ್ಲಿ ತೋಷಿಬಾ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟ ಮೇಲೆ ಹೈ-ಡೆಫಿನಿಷನ್ ಡಿಸ್ಕ್‌ಗಳ ಕಣದಲ್ಲಿ ಉಳಿದದ್ದು ಬ್ಲೂ-ರೇ ಒಂದೇ. ಮೊದಲು ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿದ್ದ ಅದರ ಡ್ರೈವ್ ಬರಬರುತ್ತಾ 1366 × 768 ಪರದೆಯ ಸಾಧಾರಣ ಯಂತ್ರಗಳಿಗೂ ಬಂತು. ಆಗ ಎದ್ದ ಆಕ್ಷೇಪ ಇಂದಿಗೂ ಕೇಳಿಬರುತ್ತದೆ: ಡಿಸ್ಕ್‌ನಲ್ಲಿ ಇಪ್ಪತ್ತು ಲಕ್ಷ ಪಿಕ್ಸೆಲ್, ಪರದೆಯಲ್ಲಿ ಹತ್ತೂವರೆ ಲಕ್ಷ, ಅರ್ಧ ಚಿತ್ರ ಹಾಳು, ದುಡ್ಡು ದಂಡ.

ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಹೋಲಿಸಬೇಕಾದದ್ದು ಡಿವಿಡಿಯ ಜೊತೆ. 720 × 480ರ ಡಿವಿಡಿಯಲ್ಲಿ ಇರುವುದು ಮೂರೂವರೆ ಲಕ್ಷ ಪಿಕ್ಸೆಲ್ ಅಷ್ಟೆ. ಇದೇ ಪರದೆಯನ್ನು ಅದರಿಂದ ತುಂಬಿಸಬೇಕಾದರೆ ಸುಮಾರು ಮೂರರಲ್ಲಿ ಎರಡು ಪಾಲನ್ನು ಯಂತ್ರ ಅಂದಾಜಿನ ಮೇಲೆ ಸೃಷ್ಟಿಸಬೇಕು. ಬ್ಲೂ-ರೇಯಲ್ಲಿ ಬೆಳಕು-ನೆರಳಿನ ವಿವರಕ್ಕೆ ಅಂದಾಜಿನ ಮಾತೇ ಇಲ್ಲ, ಇರುವುದನ್ನು ಕುಗ್ಗಿಸಿದರೆ ಸಾಕು. ಬಣ್ಣದಲ್ಲಂತೂ ವ್ಯತ್ಯಾಸ ಇನ್ನೂ ದೊಡ್ಡದು. ಎರಡೂ ಡಿಸ್ಕ್‌ಗಳು ಬಣ್ಣದ ವಿವರವನ್ನು ಉದ್ದಗಲ ಎರಡರಲ್ಲೂ ಅರ್ಧಕ್ಕಿಳಿಸಿಯೇ ಇಡುತ್ತವೆ: ಡಿವಿಡಿಯಲ್ಲಿ ಅದು 360 × 240, ಬ್ಲೂ-ರೇಯಲ್ಲಿ 960 × 540. ಕೆಂಪು ಸೀರೆಯ ಅಂಚು ಡಿವಿಡಿಯಲ್ಲಿ ಕದಡಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ.

ಡೇವಿಡ್ ಲೀನ್‌ನ ‘ಲಾರೆನ್ಸ್ ಆಫ್ ಅರೇಬಿಯಾ’ (1962) ನೋಡಿ. ಬಿಸಿಲ್ಗುದುರೆಯ ನಡುವೆ ಕಪ್ಪು ಚುಕ್ಕೆಯೊಂದು ಮೂಡಿ, ನಡುಗುತ್ತಾ, ನಿಧಾನವಾಗಿ ಒಂಟೆ ಸವಾರನಾಗಿ ಬೆಳೆಯುತ್ತದೆ. ಅದು ಓಮರ್ ಶರೀಫ್. 65 ಎಂ.ಎಂ. ಫಿಲ್ಮಿನಲ್ಲಿ ತೆಗೆದ ಈ ಚಿತ್ರ 2012ರಲ್ಲಿ ಬ್ಲೂ-ರೇಯಾಗಿ ಬಂತು. ಆ ದೃಶ್ಯದ ಜೀವವಿರುವುದೇ ಅದು ಮನುಷ್ಯನೋ ಭ್ರಮೆಯೋ ಎಂದು ಕಣ್ಣು ತಡವರಿಸುವ ಕ್ಷಣಗಳಲ್ಲಿ. ಡಿವಿಡಿಯಲ್ಲಿ ಆ ಚುಕ್ಕೆ ದಿಗಂತದ ಮಸುಕಿನಲ್ಲಿ ಬೆರೆತುಹೋಗುತ್ತದೆ. 1366 ಪಿಕ್ಸೆಲ್ ಅಗಲದ ಪರದೆಯಲ್ಲೂ ಬ್ಲೂ-ರೇ ಅದನ್ನು ಬಿಡಿಯಾಗಿ ಉಳಿಸಿಕೊಡುತ್ತದೆ.

ಹಾಗಾದರೆ ಕೊಳ್ಳಬಹುದೇ? ನನ್ನ ತಕರಾರು ಬೇರೆ ಕಡೆಯಿದೆ. ಇಂಥ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಟಿಎನ್ ಪ್ಯಾನೆಲ್. ಪರದೆಯನ್ನು ಸ್ವಲ್ಪ ವಾಲಿಸಿದರೂ ಕಪ್ಪು ಬೂದು ಬಣ್ಣವಾಗುತ್ತದೆ, ಮರಳಿನ ಹತ್ತಾರು ಛಾಯೆಗಳು ಒಂದೇ ಆಗುತ್ತವೆ. ಪಿಕ್ಸೆಲ್ ಕೊರತೆಗಿಂತ ಸಿನಿಮಾಕ್ಕೆ ದೊಡ್ಡ ಪೆಟ್ಟು ಇದು, ಇದನ್ನು ಯಾವ ಡ್ರೈವೂ ಸರಿಪಡಿಸದು. ಜೊತೆಗೆ ವಿಂಡೋಸ್ ತಾನಾಗಿ ಬ್ಲೂ-ರೇ ಸಿನಿಮಾ ತೋರಿಸುವುದಿಲ್ಲ. ಬೇರೆ ಪ್ಲೇಯರ್ ತಂತ್ರಾಂಶ ಬೇಕು. ನಕಲು ತಡೆಯುವ ಬೀಗದ ಕೀಲಿಗಳು ಹಳತಾದರೆ ಹೊಸ ಡಿಸ್ಕ್ ತೆರೆಯದೆ ಹೋಗಬಹುದು. ದುಡ್ಡು ಕೊಟ್ಟು ಡಿಸ್ಕ್ ಕೊಂಡವನಿಗೆ ಇದು ಅನ್ಯಾಯವೇ.

ಎಚ್‌ಡಿಎಂಐ ಕೇಬಲ್ ಹಾಕಿ ಮನೆಯ ದೊಡ್ಡ ಟಿವಿಗೆ ಜೋಡಿಸುವವರಿಗೆ ಡ್ರೈವ್ ಖಂಡಿತ ಉಪಯೋಗಕ್ಕೆ ಬರುತ್ತದೆ. ಲ್ಯಾಪ್‌ಟಾಪ್ ಪರದೆಯಲ್ಲೇ ನೋಡುವವರು ಮಾತ್ರ ಕೈಯಲ್ಲಿರುವ ಹಣವನ್ನು ಮೊದಲು, ವಾಲಿಸಿದರೂ ಬಣ್ಣ ಅಷ್ಟಾಗಿ ಕೆಡದ ಒಳ್ಳೆಯ ಐಪಿಎಸ್ ಪ್ಯಾನೆಲ್‌ಗೆ ಹಾಕಲಿ. ಯುಎಸ್‌ಬಿಗೆ ಸಿಕ್ಕಿಸುವ ಬ್ಲೂ-ರೇ ಡ್ರೈವನ್ನು ಆಮೇಲೆ ಯಾವಾಗ ಬೇಕಾದರೂ ತರಬಹುದು. ಲ್ಯಾಪ್‌ಟಾಪ್ ಬದಲಾದರೂ ಅದು ಜೊತೆಗೇ ಬರುತ್ತದೆ.